ಹಾಯಿಯ ಅಡ್ಡಮರ

ಕುಸನೂರಿನವನು ಸಮುದ್ರದ ಮಾತನ್ನಾಡಿದರೆ ಕೇಳುವವರಿಗೆ ನಗು ಬರುವುದು ಸಹಜ. ಕಲಬುರಗಿ ನಗರವು ಬೆಳೆಯುತ್ತ ತನ್ನ ಮಗ್ಗುಲಿಗೆ ಸೆಳೆದುಕೊಂಡಿರುವ ನಮ್ಮ ಊರು ತೊಗರಿ, ಜೋಳಗಳ ಕಪ್ಪುನೆಲದ ಊರು. ಹರಿಗೋಲನ್ನು ನೋಡಬೇಕೆಂದರೂ ನಾವು ಭೀಮಾನದಿಯವರೆಗೆ ಹೋಗಬೇಕು. ಆದರೂ ಹಾಯಿದೋಣಿಯೊಂದರ ಅಡ್ಡಮರದ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿತು. ಅದಕ್ಕೆ ಕಾರಣ ನನ್ನ ತಂಗಿಯ ಮಗ. ಅವನು ಗೋವೆಯಲ್ಲಿ, ಮಾಂಡೋವಿ ನದಿಯ ದಡದಲ್ಲಿ, ದೋಣಿಗಳ ದುರಸ್ತಿಯ ಕೆಲಸ ಮಾಡುತ್ತಾನೆ.

ಮಾಂಡೋವಿ ನಮಗೆ ಹೊರಗಿನದಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿಯಾಗುತ್ತದೆ. ಆ ನದಿಯ ಹೆಸರನ್ನೇ ಹೊತ್ತ ‘ಮ್ಹಾದೇಯಿ’ ಎಂಬ ಹಾಯಿನೌಕೆ ದಿವಾರ್ ದ್ವೀಪದಲ್ಲಿ ನಿರ್ಮಾಣಗೊಂಡು 2009ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿತು. ಅದರ ತಂಗಿಯಂತಿರುವ ‘ತಾರಿಣಿ’ 2017ರಲ್ಲಿ ಬಂದಿತು. ವರ್ತಿಕಾ ಜೋಶಿಯವರ ನೇತೃತ್ವದಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು ತಾರಿಣಿಯಲ್ಲಿ ಹೊರಟು, ಭೂಮಂಡಲವನ್ನು ಸುತ್ತಿ, 2018ರ ಮೇ 21ರಂದು ಗೋವೆಗೆ ಮರಳಿದರು. 2024-25ರಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅದೇ ನೌಕೆಯಲ್ಲಿ ಪ್ರದಕ್ಷಿಣೆ ಮುಗಿಸಿದರು. ಇಬ್ಬರೇ ಎಂದರೆ, ಒಬ್ಬರು ಮಲಗಿದಾಗ ಇಡೀ ನೌಕೆ ಇನ್ನೊಬ್ಬರ ಎರಡು ಕೈಗಳಲ್ಲಿ! ಯಾವ ಹಗ್ಗ ಎಲ್ಲಿರಬೇಕು ಎಂಬುದು ಆಗ ಸಣ್ಣ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನನ್ನ ಅಳಿಯನ ಮುಂದಿದ್ದುದು ಅಂತಹ ಹೆಸರಾಂತ ನೌಕೆಯಲ್ಲ. ಮೂವತ್ತು ಅಡಿಯ ಹಳೆಯ ದೋಣಿ. ಹಡಗಿನ ಎಂಜಿನಿಯರರಾಗಿ ನಿವೃತ್ತರಾದ ಒಬ್ಬರು ತಮ್ಮ ಪತ್ನಿಯೊಡನೆ ಅದರಲ್ಲಿ ಲಕ್ಷದ್ವೀಪಕ್ಕೆ ಹೋಗಬೇಕೆಂದಿದ್ದರು.

ದೋಣಿಯ ನಡುವೆ ನೆಟ್ಟಗೆ ನಿಂತಿರುವುದು ಕೂವೆಮರ. ಅದರ ಕೆಳಭಾಗಕ್ಕೆ ಒಂದು ತುದಿ ಸಿಕ್ಕಿಸಿಕೊಂಡು, ಬಾಗಿಲಿನಂತೆ ಎಡಬಲಕ್ಕೆ ತಿರುಗುವ ಅಡ್ಡಮರವೇ ‘ಬೂಮ್’. ಹಾಯಿಯ ಕೆಳಗಿನ ಅಂಚು ಇದಕ್ಕೆ ಬಿಗಿದಿರುತ್ತದೆ. ಈ ಅಡ್ಡಮರವನ್ನು ಅಂಕೆಯಲ್ಲಿಡುವ ಹಗ್ಗಕ್ಕೆ ‘ಮೇನ್‌ಶೀಟ್’ ಎಂದು ಹೆಸರು. ಶೀಟ್ ಎಂದರೆ ನಾವು ತಗಡೆಂದೋ ಹಾಳೆಯೆಂದೋ ತಿಳಿಯುತ್ತೇವೆ. ನಾವಿಕರಿಗೆ ಮಾತ್ರ ಅದು ಹಗ್ಗ! ನಮ್ಮ ಕರಾವಳಿಯ ಹಳೆಯ ಮಂಜಿ, ಪತ್ತೇಮಾರಿಗಳಲ್ಲಿ ಹಾಯಿಯ ಕೆಳಗೆ ಇಂತಹ ಮರವಿರಲಿಲ್ಲ. ಮೇಲೆ ಓರೆಯಾದ ಉದ್ದನೆಯ ಮರವೊಂದೇ ಇತ್ತು. ದಿಕ್ಕು ಬದಲಿಸಬೇಕಾದರೆ ಹಲವರು ಕೂಡಿ ಆ ಮರವನ್ನು ಕೂವೆಯ ಮುಂದಿನಿಂದ ಆಚೆಗೆ ದಾಟಿಸಬೇಕಾಗಿತ್ತು. ಬೂಮ್ ಆ ಶ್ರಮವನ್ನು ತಪ್ಪಿಸಿತು, ಆದರೆ ಒಂದು ಅಪಾಯವನ್ನೂ ತಂದಿತು. ಹಿಂದಿನಿಂದ ಬೀಸುವ ಗಾಳಿ ಒಮ್ಮೆಲೇ ಹಾಯಿಯ ಇನ್ನೊಂದು ಮೈಯನ್ನು ಹಿಡಿದರೆ ಅಡ್ಡಮರವು ದೋಣಿಯ ಆ ಬದಿಯಿಂದ ಈ ಬದಿಗೆ ಕೊಡಲಿಯಂತೆ ಬೀಸಿ ಬರುತ್ತದೆ. ನಡುವೆ ತಲೆ ಸಿಕ್ಕರೆ ಪ್ರಾಣಕ್ಕೇ ಸಂಚಕಾರ.

ದೋಣಿಯವರ ಅಪೇಕ್ಷೆಗಳು ಎರಡು. ಹಗ್ಗವು ಅಡ್ಡಮರದ ತುದಿಯಿಂದ ಅವರು ಕೂಡುವ ಜಾಗಕ್ಕೇ ಇಳಿಯುತ್ತಿದ್ದುದರಿಂದ ಬಿಸಿಲಿಗೆ ಚಪ್ಪರ ಕಟ್ಟಲು ಆಗುತ್ತಿರಲಿಲ್ಲ. ಅದನ್ನು ಮರದ ನಡುಭಾಗಕ್ಕೆ ಸರಿಸಬೇಕು. ಹಾಯಿ ಇಳಿಸಿದಾಗ ಅಡ್ಡಮರಕ್ಕೆ ಆಸರೆಯಾಗುವ, ಹಿಂಭಾಗದ ಮರದ ಕಮಾನನ್ನು ತೆಗೆದುಬಿಡಬೇಕು. ಆ ಕಮಾನಿಗೆ ಇಂಗ್ಲಿಷಿನಲ್ಲಿ ಗಲ್ಲುಗಂಬದ ಹೆಸರೇ ಇದೆ. ನೋಡಲು ಚೆಂದವಿಲ್ಲವೆಂಬುದು ಅವರ ದೂರು.

“ಮಾಮಾ, ಬಾಗಿಲು ಅಂಚಿಗೆ ನೂಕಿ ನೋಡ್ರಿ, ನಡುವ ನೂಕಿ ನೋಡ್ರಿ,” ಎಂದನು ಅಳಿಯ. ನೀವೂ ನೋಡಬಹುದು. ಗಾಳಿಯ ಒತ್ತಡವೆಲ್ಲ ಮರದ ನಡುವೆ ಬೀಳುತ್ತದೆಂದು ಭಾವಿಸಿದರೆ, ತುದಿಯಲ್ಲಿ ಹಿಡಿದವನಿಗೆ ಅದರ ಅರ್ಧ ಬಲ ಸಾಕು. ನಡುವೆ ಹಿಡಿದವನಿಗೆ ಪೂರ್ಣ ಬಲ ಬೇಕು. ಹಗ್ಗ ಎರಡು ಪಟ್ಟು ಜಗ್ಗುತ್ತದೆ. ಆ ಜಗ್ಗು ಒಂದೇ ಕಡೆ ಬಿದ್ದರೆ ಅಲ್ಯೂಮಿನಿಯಂ ಕೊಳವೆ ಅಲ್ಲಿಯೇ ಮಡಿಚಿಕೊಳ್ಳಬಹುದು. ಆದುದರಿಂದ ಅವನು ಹಗ್ಗದ ಹಿಡಿತವನ್ನು ಮೂರು ಕಡೆ ಹಂಚಿದನು. ರಾಟೆಗಳ ನಾಲ್ಕು ಎಳೆಗಳನ್ನು ಆರಕ್ಕೇರಿಸಿದನು. ಎಳೆ ಹೆಚ್ಚಿದಷ್ಟೂ ಕೈಗೆ ಭಾರ ಕಡಿಮೆ, ಎಳೆಯಬೇಕಾದ ಹಗ್ಗ ಹೆಚ್ಚು. ಅಷ್ಟಾದರೂ ಸಾಲದ ಬಲಕ್ಕೆ ವಿಂಚ್ ಎಂಬ ತಿರುಗಣೆಯನ್ನು, ಚುಕ್ಕಾಣಿ ಹಿಡಿದವರ ಕೈಗೆಟಕುವಂತೆ, ಜೋಡಿಸಿದನು.

ಕಮಾನಿನ ವಿಷಯದಲ್ಲಿ ಮಾತ್ರ ಅವನು ಒಪ್ಪಲಿಲ್ಲ. ಎತ್ತು ಬಿಚ್ಚಿದ ಬಂಡಿಗೆ ಮುಂದೆ ಊರುಗೋಲು ಕೊಡದೆ ಬಿಡುವ ಒಕ್ಕಲಿಗನುಂಟೆ? ಕೂವೆಯ ತುದಿಯಿಂದ ಇಳಿಬಿಟ್ಟ ಹಗ್ಗವೊಂದೇ ಅಡ್ಡಮರವನ್ನು ಎತ್ತಿ ಹಿಡಿಯಬಲ್ಲದು, ನಿಜ. ಆದರೆ ಅಲೆಗೆ ಅದು ಮರವನ್ನು ತೂಗಾಡಗೊಡುತ್ತದೆ. ದೋಣಿಯವರು ವಾದಿಸಿದರು. ಅಷ್ಟುಹೊತ್ತು ಸುಮ್ಮನಿದ್ದ ಅವರ ಪತ್ನಿ, “ಗಾಳಿ ಜೋರಾದಾಗ ಹಾಯಿ ಕಟ್ಟಲು ನಾನು ಮೇಲೆ ಹೋಗುತ್ತೇನಲ್ಲ, ಆಗ ಏನನ್ನು ಹಿಡಿದು ನಿಲ್ಲಲಿ?” ಎಂದು ಕೇಳಿದರು. ಕಮಾನು ಉಳಿಯಿತು.

ಅವರೇ ಮತ್ತೊಂದು ಬದಲಾವಣೆಯನ್ನೂ ಸೂಚಿಸಿದರು. ಕೂಡುವ ಜಾಗದಲ್ಲಿ ನೆಟ್ಟಗೆ ನಿಂತು ಅಡ್ಡಮರವನ್ನು ನಿಧಾನವಾಗಿ ತಿರುಗಿಸಲು ಹೇಳಿದರು. ಅದು ಅವರ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಮರವನ್ನು ಮೇಲೇರಿಸಬೇಕಾದರೆ ಹಾಯಿಯ ಕೆಳಗಿನ ಅಂಚನ್ನು ಕತ್ತರಿಸಬೇಕು, ಕತ್ತರಿಸಿದಷ್ಟು ವೇಗವೂ ಕಡಿಮೆಯಾಗುತ್ತದೆ ಎಂದು ಅಳಿಯ ವಿವರಿಸಿದನು. ಗಂಡ ಹೆಂಡತಿಯ ಮುಖ ನೋಡಿದರು. ಬಳಿಕ ತಾವೇ ಅಳತೆಯ ಪಟ್ಟಿ ಹಿಡಿದರು. ಆಕೆಯ ನೆತ್ತಿಯ ಮೇಲೆ ನಾಲ್ಕು ಬೆರಳು ಬಿಟ್ಟು ಗುರುತು ಮಾಡಿದ್ದಾಯಿತು. ಹೊಸ ಎತ್ತರಕ್ಕೆ ಸರಿಯಾಗಿ ಕಮಾನಿನ ಕಾಲುಗಳಿಗೆ ತೇಗದ ತುಂಡುಗಳನ್ನು ಜೋಡಿಸಿ, ಮರ ಕೂಡುವ ಕಚ್ಚುಗಳಿಗೆ ಚರ್ಮ ಹೊದಿಸಿದರು. ಹಾಯಿಯನ್ನು ಮಡಿಚಿ ಹೊಲಿಯುವವನ ಬಳಿಗೆ ಕಳುಹಿಸಿದರು.