ಬೀದರಿನ ಮೂರು ನೀರು, ಮೂರು ಮೀನಿನ ಟ್ಯಾಂಕು

"ಅಕ್ವೇರಿಯಂಗೆ ಯಾವ ಫಿಲ್ಟರ್ ತಗೊಳ್ಳಲಿ?" ಅಂತ ಕೇಳಿದವರಿಗೆ ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ: "ನಿಮ್ಮನ್ಯಾಗ ತೊಗರಿ ಬ್ಯಾಳಿ ಲಗೂನ ಕುದಿತದೇನು?" ಕೇಳಿದವರು ನಗ್ತಾರೆ. ಆದರೆ ನಮ್ಮ ಬೀದರ್ ಜಿಲ್ಲೆಯಲ್ಲಿ ಇದು ತಮಾಷೆಯ ಮಾತಲ್ಲ. ಬ್ಯಾಳಿ ಕುದಿಯೋ ನೀರು, ಕುದಿಯದ ನೀರು ಅಂತ ಹಿರಿಯರು ಬಾವಿಗಳನ್ನೇ ಬೇರೆ ಮಾಡಿ ಇಟ್ಟಿದ್ದರು. ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಬೇಳೆ ಬೇಯಲ್ಲ, ಸೋಪು ನೊರೆ ಬಿಡಲ್ಲ. ಮೀನಿಗೂ ಇದೇ ಲೆಕ್ಕ.

ಬಂಧು-ಬಳಗದ ಮನೆಗಳಲ್ಲಿ ಟ್ಯಾಂಕ್ ಕೂರಿಸುವ ನೆಪದಲ್ಲಿ ಬೀದರ್, ಭಾಲ್ಕಿ, ಔರಾದ್ ಮೂರೂ ಊರು ಸುತ್ತಿದ್ದೇನೆ. ಮೂರೂ ಕಡೆ ಟ್ಯಾಂಕಿನ ಅಳತೆ ಒಂದೇ: 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ತುಂಬಿದರೆ ಸುಮಾರು 56 ಲೀಟರ್. ನೀರು ಮಾತ್ರ ಮೂರು ಥರ.

ಬೀದರ್: ಕೆಂಪು ಕಲ್ಲಿನ ಮೇಲಿನ ಊರು

ಬೀದರ್ ನಗರ ನಿಂತಿರೋದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ. ಈ ಕೆಂಪು ಕಲ್ಲು ತೂತು ತೂತು. ಮಳೆ ನೀರನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತೆ. ಅದರ ಕೆಳಗಿನ ಜೇಡಿ ಪದರ ಮತ್ತು ಕಪ್ಪು ಬಸಾಲ್ಟ್ ಕಲ್ಲು ನೀರನ್ನು ಸುಲಭವಾಗಿ ಇಳಿಯೋಕೆ ಬಿಡಲ್ಲ. ಹಾಗಾಗಿ ನೀರು ಪಕ್ಕಕ್ಕೆ ಹರಿದು ಬಯಲಿನ ಅಂಚಿನಲ್ಲಿ ಚಿಲುಮೆಯಾಗುತ್ತೆ. ಗುರುನಾನಕ್ ಝೀರಾದಲ್ಲಿ ಭಕ್ತರು ತೀರ್ಥವೆಂದು ತುಂಬಿಸಿಕೊಳ್ಳುವ ಸಿಹಿನೀರು ಇಂಥ ಒಂದು ಚಿಲುಮೆಯದು. 15ನೇ ಶತಮಾನದ ಬಹಮನಿ ಕಾಲದವರು ಈ ಗುಟ್ಟು ಅರಿತು, ಪರ್ಷಿಯಾದ ವಿಧಾನದಲ್ಲಿ ನೆಲದಡಿ ಕಾಲುವೆ ಕೊರೆದರು. ನೌಬಾದ್ ಬಳಿಯ ಸುರಂಗ ಬಾವಿ, ಅಂದರೆ ಕರೇಜ್, ಅದೇ. ಮೇಲಿನಿಂದ ನೋಡಿದರೆ ಸಾಲಾಗಿ ಬಾವಿಗಳು. ಕೆಳಗೆ ಅವನ್ನೆಲ್ಲ ಜೋಡಿಸುವ ಸುರಂಗ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೊಂದೇ ನೀರನ್ನು ನಡೆಸುತ್ತಿತ್ತು.

ಜಂಬಿಟ್ಟಿಗೆಯಲ್ಲಿ ಇಳಿದು ಬಂದ ನೀರು ಸಾಮಾನ್ಯವಾಗಿ ಮೃದು. ಕುಡಿಯಲು ಚೆಂದ, ಆದರೆ ಟ್ಯಾಂಕಿನಲ್ಲಿ ಒಂದು ತೊಡಕಿದೆ. ಮೀನಿನ ಹೊಲಸಿನಿಂದ ಬರೋ ಅಮೋನಿಯಾವನ್ನು ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ನೀರಿನ ಕ್ಷಾರಗುಣ ಖರ್ಚಾಗುತ್ತೆ. ಮೊದಲೇ ಕಡಿಮೆ ಇದ್ದರೆ ಪಿಎಚ್ ದಿಢೀರನೆ ಕುಸಿಯಬಹುದು. ಬೀದರಿನ ನಮ್ಮಣ್ಣನ ಮನೆಯಲ್ಲಿ ಹಳೆಯ ಬಾವಿ ನೀರೇ ಬಳಕೆ. ಅಲ್ಲಿ ಶಹಾಬಾದ್ ಕಲ್ಲಿನ ನಾಲ್ಕು ಚೂರು ತೊಳೆದು ಟ್ಯಾಂಕಿಗೆ ಹಾಕಿದೆವು. ಅದು ಸುಣ್ಣದ ಕಲ್ಲು, ನಿಧಾನಕ್ಕೆ ಕರಗಿ ನೀರಿಗೆ ಬೇಕಾದಷ್ಟು ಬಲ ಕೊಡುತ್ತೆ. ನಳದ ನೀರು ಬಳಸುವವರಿಗೆ ಬೇರೆ ಚಿಂತೆ: ಕ್ಲೋರಿನ್. ಅಗಲ ಬಾಯಿಯ ಬಕೆಟ್ಟಿನಲ್ಲಿ 24 ಗಂಟೆ ತೆರೆದಿಟ್ಟರೆ ಹಾರಿಹೋಗುತ್ತೆ. ಅವಸರ ಇದ್ದರೆ ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಅಂತ ಸಿಗೋ ಹನಿ ಸಾಕು.

ಭಾಲ್ಕಿ: ಎರೆ ನೆಲ, ಸವಳು ನೀರು

ಭಾಲ್ಕಿ ಕಡೆ ಹೊರಟರೆ ದಾರಿಯಲ್ಲೇ ಮಣ್ಣಿನ ಬಣ್ಣ ಬದಲಾಗುತ್ತೆ. ಕೆಂಪು ಹೋಗಿ ಕಪ್ಪು ಎರೆ ಬರುತ್ತೆ, ತೊಗರಿ-ಸೋಯಾ ಹೊಲಗಳು ಬರುತ್ತವೆ. ಕೆಳಗೆ ಬಸಾಲ್ಟ್. ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಗೆಳೆಯನ ಮನೆಯ ಗೀಸರ್ ಕಾಯಿಲ್ ಬಿಳಿ ಸುಣ್ಣ ಹೊದ್ದು ಕೂತಿತ್ತು. ಅವನು ಹೈದರಾಬಾದಿನಿಂದ ತಂದ 10 ನಿಯಾನ್ ಟೆಟ್ರಾ ಒಂದು ವಾರದಲ್ಲಿ ಸತ್ತಿದ್ದವು. ಅಂಗಡಿಯವ ಫೋನಿನಲ್ಲಿ, "ಆರ್‌ಓ ಹಾಕ್ಸ್ರಿ ಸಾರ್, ಎಲ್ಲಾ ಸರಿ ಹೋಗ್ತದ" ಅಂದನಂತೆ.

ಸರಿ ಹೋಗುತ್ತಾ? ಆರ್‌ಓ ನೀರಲ್ಲಿ ಖನಿಜವೇ ಅಷ್ಟಾಗಿ ಉಳಿಯಲ್ಲ, ಅದನ್ನೊಂದೇ ಸುರಿದರೂ ಮೀನಿಗೆ ಕಷ್ಟ. ಬೋರಿನ ನೀರಿಗೆ ಅರ್ಧಕ್ಕರ್ಧ ಬೆರೆಸಬೇಕು. ಗಡಸುತನ ಲೀಟರಿಗೆ 400 ಮಿಲಿಗ್ರಾಂ ಇದ್ದರೆ 200ರ ಹತ್ತಿರ ಬರುತ್ತೆ. ಜತೆಗೆ ಮನೆಯ ಆರ್‌ಓ ಒಂದು ಲೀಟರ್ ಕೊಡೋಕೆ ಎರಡು-ಮೂರು ಲೀಟರ್ ಹೊರಗೆ ಚೆಲ್ಲೋದು ಸಾಮಾನ್ಯ. ವಾರಕ್ಕೆ 14 ಲೀಟರ್ ಬದಲಿಸಿದರೆ ಅದರಲ್ಲಿ 7 ಲೀಟರ್ ಆರ್‌ಓ. ಚೆಲ್ಲೋದು 21 ಲೀಟರ್ ತನಕ.

ನಾವು ಮೀನನ್ನೇ ಬದಲಿಸಿದೆವು. ಗಪ್ಪಿ, ಮೋಲಿ, ಪ್ಲಾಟಿ ಗಡಸು ನೀರನ್ನೇ ಇಷ್ಟಪಡೋ ಜಾತಿಗಳು. ಗಪ್ಪಿಯಂತೂ ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿ-ತೊಟ್ಟಿಗೆ ಬಿಡೋ ಮೀನು. ಆರ್‌ಓ ಖರ್ಚು ಉಳೀತು, ಮೀನೂ ಉಳಿದವು. ಒಂದು ಎಚ್ಚರಿಕೆ: ಟಿಡಿಎಸ್ ಪೆನ್ ಕರಗಿದ್ದೆಲ್ಲವನ್ನೂ ಒಟ್ಟಿಗೆ ತೋರಿಸುತ್ತೆ, ಗಡಸುತನ ಎಷ್ಟು ಅಂತ ಹೇಳಲ್ಲ. ಅದಕ್ಕೆ ಹನಿ ಹಾಕಿ ನೋಡೋ ಜಿಎಚ್-ಕೆಎಚ್ ಕಿಟ್ ಬೇಕು.

ಔರಾದ್: ನೀರೇ ಕಡಿಮೆ

ಮಾಂಜ್ರಾ ದಾಟಿ ಔರಾದಿಗೆ ಹೋದಾಗ ಪ್ರಶ್ನೆಯೇ ಬೇರೆ. ಮೌಶಿ ಬಾಗಿಲಲ್ಲೇ ಹೇಳಿದಳು: "ನಳ ನಾಕ್ ದಿನಕ್ಕೊಮ್ಮೆ ಬರ್ತದ. ಬ್ಯಾಸಿಗ್ಯಾಗ ಕುಡ್ಯಾಕೇ ಟ್ಯಾಂಕರ್ ದಾರಿ ನೋಡ್ತೀವಿ. ಮೀನಿಗಿ ಎಲ್ಲಿಂದ ತರೋದೋ ತಮ್ಮಾ?" ಮಗಳಿಗೆ ಮೀನು ಬೇಕೇ ಬೇಕು, ತಾಯಿಯ ಮಾತಿನಲ್ಲಿ ತಪ್ಪಿಲ್ಲ.

ಅಲ್ಲಿ ಮಾಡಿದ್ದು ಇಷ್ಟು. 56 ಲೀಟರಿಗೆ ಆರೇ ಗಂಡು ಗಪ್ಪಿ. ಹೆಣ್ಣು ಬಿಟ್ಟರೆ ಮರಿ ತುಂಬಿಬಿಡುತ್ತವೆ. ಮನಿಪ್ಲಾಂಟಿನ ಬೇರು ನೀರಿಗೆ ಇಳಿಬಿಟ್ಟೆವು, ನೈಟ್ರೇಟನ್ನು ಅದು ಗೊಬ್ಬರದಂತೆ ಹೀರುತ್ತೆ. ಏರ್ ಪಂಪಿನಿಂದ ಓಡೋ ಸ್ಪಂಜ್ ಫಿಲ್ಟರ್. ವಾರಕ್ಕೊಮ್ಮೆ ನೈಟ್ರೇಟ್ ನೋಡಿ 8-10 ಲೀಟರ್ ಮಾತ್ರ ಬದಲಿ. ತೆಗೆದ ನೀರು ನೇರ ತುಳಸಿಗೆ, ಕರಿಬೇವಿಗೆ. ಗಿಡಕ್ಕೆ ಹೇಗೂ ಹಾಕಬೇಕಾದ ನೀರು, ಒಂದು ವಾರ ಮೀನಿನ ಮನೆಯಲ್ಲಿದ್ದು ಹೋಗುತ್ತೆ. ಈ ಲೆಕ್ಕ ಕೇಳಿದ ಮೇಲೆ ಮೌಶಿ, "ಹಂಗಾದ್ರ ಇರ್ಲಿ ಬಿಡು" ಅಂದಳು.

ಕೂರಿಸುವಾಗ ಮರೆಯಬೇಡಿ

ತುಂಬಿದ ಟ್ಯಾಂಕು ಗಾಜು, ಜಲ್ಲಿ ಸೇರಿ 70 ಕೆ.ಜಿ. ದಾಟುತ್ತೆ. ಗಟ್ಟಿ ಮೇಜು, ಮಟ್ಟಸ ನೆಲ, ಕೆಳಗೊಂದು ಥರ್ಮಾಕೋಲ್ ಹಾಳೆ ಇರಲಿ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಇಲ್ಲವೇ ಪೈಪಿಗೆ ಚೆಕ್ ವಾಲ್ವ್ ಹಾಕಿ, ಕರೆಂಟ್ ಹೋದಾಗ ನೀರು ವಾಪಸ್ ಪಂಪಿಗೆ ನುಗ್ಗಲ್ಲ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಮೇಲೇರಲಿ, ಹನಿ ನೀರು ನೆಲಕ್ಕೆ ಬೀಳುತ್ತೆ. ನೀರೆತ್ತೋ ಫಿಲ್ಟರ್ ಕೊಳ್ಳುವವರು ಗಂಟೆಗೆ ಟ್ಯಾಂಕಿನ ನಾಲ್ಕೈದು ಪಟ್ಟು, ಅಂದರೆ 250 ಲೀಟರ್ ಆಸುಪಾಸಿನದು ನೋಡಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ. ನಳದ ಕ್ಲೋರಿನ್ ಒಳ್ಳೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತೆ. ಆ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿತನಕ ಒಂದೆರಡು ಮೀನು ಸಾಕು, ಊಟವೂ ಚಿಟಿಕೆ.

ರಾಜ್ಯದ ಪಶು-ಮೀನುಗಾರಿಕೆ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರೋದು ಸಮುದ್ರವಿಲ್ಲದ ನಮ್ಮ ಬೀದರಿನಲ್ಲೇ, ಅದರ ಮೀನುಗಾರಿಕಾ ಕಾಲೇಜು ದೂರದ ಮಂಗಳೂರಿನಲ್ಲಿ. ಬರದ ಸೀಮೆಯಲ್ಲಿ ಮೀನು ಸಾಕೋದು ವಿಚಿತ್ರ ಅನ್ನೋರಿಗೆ ನಾನು ಇದನ್ನೇ ಹೇಳ್ತೀನಿ. ನಿಮ್ಮೂರಲ್ಲೂ ಅಂಗಡಿಗೆ ಹೋಗೋ ಮೊದಲು ಒಂದು ಲೋಟ ನೀರು ಪರೀಕ್ಷೆ ಮಾಡಿ. ಆಮೇಲೆ ಆ ನೀರಿಗೆ ಒಗ್ಗೋ ಮೀನು ಆರಿಸಿ. ಕೊನೆಗೆ, ಬೇಕಿದ್ದರೆ ಮಾತ್ರ, ಮಷೀನು.