ಪೇಟಿಗಿಲ್ಲದ ಗುಂಡಿ

ಪೇಟಿಗೆ, ಅಂದರೆ ಹಾರ್ಮೋನಿಯಂಗೆ, ಆವಾಜು ಏರಿಸುವ ಗುಂಡಿ ಇರುವುದಿಲ್ಲ. ಎಡಗೈ ತಿದಿಯನ್ನು ಎಷ್ಟು ಒತ್ತುತ್ತದೋ ಅಷ್ಟು ಗಾಳಿ, ಗಾಳಿ ಎಷ್ಟೋ ಅಷ್ಟು ಸ್ವರ. ಹಾಡುವವಳು ದನಿ ಸಣ್ಣ ಮಾಡಿದರೆ ಪೇಟಿ ಮಾಸ್ತರರ ಎಡಗೈಯೂ ತಾನಾಗಿ ಹಗುರಾಗುತ್ತದೆ. ತಬಲಾ ಜೋರಾದರೆ ಕೈಯೂ ಜೋರು. ಬಲಗೈ ಯಾವ ಸ್ವರ ಎಂಬುದನ್ನಷ್ಟೇ ನೋಡಿಕೊಂಡರೆ, ಎಷ್ಟು ಸ್ವರ ಎಂಬ ಉಸಾಬರಿ ಪೂರ್ತಿ ಎಡಗೈಯದು.

ನನ್ನ ಕಾಕಾ ಬನಹಟ್ಟಿಯಲ್ಲಿ ಹಗಲು ಪಾವರ್‌ಲೂಮ್ ನಡೆಸಿ, ರಾತ್ರಿ ಶ್ರೀಕೃಷ್ಣ ಪಾರಿಜಾತ ಬಯಲಾಟದ ಮೇಳಕ್ಕೆ ಪೇಟಿ ನುಡಿಸಿದವರು. ಅಪರಾಳ ತಮ್ಮಣ್ಣನ ಕಾವ್ಯವನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಇಳಿಸಿದ, ಕೌಜಲಗಿ ನಿಂಗಮ್ಮ ಅದನ್ನು ಮನೆಮಾತು ಮಾಡಿದಳು. ಮುಧೋಳ, ಜಮಖಂಡಿ, ಬೀಳಗಿ ಕಡೆಯ ಊರುಗಳಲ್ಲಿ ಇಂದಿಗೂ ಅದಕ್ಕೆ ಬೆಳತನಕ ಕೂಡುವ ಜನ ಇದ್ದಾರೆ. ಪಾರಿಜಾತದ ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಸಿಕೊಳ್ಳುವುದೇ ಕತೆ. ಯಾರಿಗೆ ಎಷ್ಟು ಸಿಕ್ಕಿತು ಎಂಬ ಜಗಳ. ದನಿ ಎಷ್ಟಿರಬೇಕೆಂಬ ರೆಕಾರ್ಡಿಂಗಿನ ಲೆವೆಲ್ಲಿನಂಥ ಜಗಳವೇ ಅದು ಎಂದು ನನಗೀಗ ಅನಿಸುತ್ತದೆ.

ಕಾಕಾ ಪೇಟಿ ಬಿಟ್ಟು ಕ್ಯಾಸಿಯೋ ಹಿಡಿದದ್ದು ಮೇಳದ ಹುಡುಗರ ಒತ್ತಾಯಕ್ಕೆ. ನಮ್ಮ ಕಡೆ ಯಾವ ಕಂಪನಿಯ ಕೀಬೋರ್ಡ್ ಆದರೂ ಕ್ಯಾಸಿಯೋನೇ. ಕ್ಯಾಲ್ಕುಲೇಟರ್ ಮಾಡಿಕೊಂಡಿದ್ದ ಆ ಜಪಾನಿ ಕಂಪನಿ ಮೊದಲ ಕೀಬೋರ್ಡ್, ಕ್ಯಾಸಿಯೋಟೋನ್ 201, ಹೊರತಂದದ್ದು 1980ರಲ್ಲಿ. ಅದಕ್ಕೂ ಮುಂಚೆ ಸಿಂಥಸೈಜರ್ ಎಂಬುದು ಸಿನಿಮಾದವರ, ವಿಶ್ವವಿದ್ಯಾಲಯದವರ ಸೊತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಒಂದು ಮೂಗ್ ಸಿಂಥಸೈಜರ್ ಬಂದು ಕೂತಿತ್ತಂತೆ. ಜಾತ್ರೆಯ ಆರ್ಕೆಸ್ಟ್ರಾಕ್ಕೆ, ಭಜನೆಗೆ, ಕೊನೆಗೆ ಬಯಲಾಟದ ಅಟ್ಟಕ್ಕೆ ಸಿಂಥಸೈಜರನ್ನು ಹತ್ತಿಸಿದ್ದು ಈ ಅಗ್ಗದ ಪೆಟ್ಟಿಗೆಗಳು. ಕಾಕಾನ ಬಲಗೈಗೆ ಅದು ಒಂದೇ ವಾರದಲ್ಲಿ ಒಗ್ಗಿತು. ಎಡಗೈಗೆ ಮಾತ್ರ ಕೆಲಸ ಹೋಯಿತು. ಎಷ್ಟೋ ದಿನ ಅದು ಪೆಟ್ಟಿಗೆಯ ಹಿಂದೆ ತಿದಿ ಹುಡುಕುತ್ತಿತ್ತು.

ಆ ಎಡಗೈಯ ಕೆಲಸ ಮಾಡುವುದಕ್ಕೆ ಈಗ ನಾನು ಬಂದಿದ್ದೇನೆ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡಿರುವ ನಮ್ಮ ಅತ್ತಿಗೆಗೆ ಪಾರಿಜಾತದ ಪದಗಳು ಮೊಬೈಲಿನಲ್ಲಿ ಬೇಕು. ‘ಕಾಕಾನ ಕೈಯಾಗಿಂದು ಬೇಕು, ಯೂಟ್ಯೂಬಿನ್ದಲ್ಲ’ ಎಂದು ತಾಕೀತು. ನನ್ನ ಹತ್ತಿರ ಲ್ಯಾಪ್‌ಟಾಪು, ಅಂಗೈ ಅಗಲದ ಸೌಂಡ್ ಕಾರ್ಡು, ಒಂದಿಷ್ಟು ವಾಯರು. ಕೀಬೋರ್ಡಿನಿಂದ ಬರುವ ವಿದ್ಯುತ್ತಿನ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡುವುದು ಈ ಡಬ್ಬಿಯ ಕೆಲಸ. ದನಿಯನ್ನು ಹೀಗೆ ಅಂಕಿ ಮಾಡುವ ಉಪಾಯಕ್ಕೆ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ಪೇಟೆಂಟ್ ಹಾಕಿದ್ದು 1938ರಲ್ಲಿ, ಪ್ಯಾರಿಸ್ಸಿನಲ್ಲಿ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ, 1840ರ ದಶಕದ ಆರಂಭದಲ್ಲಿ, ಅದೇ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ದೆಬೆನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದಿದ್ದ. ಅವನದು ಕಾಲಿನಿಂದ ತಿದಿ ತುಳಿಯುವ ವಾದ್ಯ. ನೆಲದ ಮೇಲೆ ಕೂತು ನುಡಿಸುವ ಕೈಪೇಟಿ ಮಾಡಿ ಹೆಸರಾದವನು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಬನಹಟ್ಟಿಯ ಒಂದು ಪಡಸಾಲೆಯಲ್ಲಿ ಪ್ಯಾರಿಸ್ಸಿನ ಈ ಎರಡು ಕೂಸುಗಳು ಎದುರಾಬದುರಾದದ್ದನ್ನು ಕಾಕಾನಿಗೆ ಹೇಳಿದೆ. ‘ಹೌದೇನು’ ಎಂದು ಎಲೆಗೆ ಸುಣ್ಣ ಹಚ್ಚಿದರು.

ಕೀಬೋರ್ಡನ್ನು ಸೌಂಡ್ ಕಾರ್ಡಿಗೆ ಕೂಡಿಸುವ ಮೊದಲ ಹೆಜ್ಜೆಯಲ್ಲೇ ಒಂದು ತೊಡಕಿದೆ. ಅಗ್ಗದ ಕೀಬೋರ್ಡಿಗೆ ಹೆಚ್ಚಾಗಿ ಹೆಡ್‌ಫೋನಿನ ತೂತು ಒಂದೇ. ಅದರ ಪಿನ್ನಿನ ಮೇಲೆ ಎಡದ ದನಿ, ಬಲದ ದನಿ ಎರಡೂ ಕೂತಿರುತ್ತವೆ. ಸೌಂಡ್ ಕಾರ್ಡಿನ ಲೈನ್ ತೂತಿಗೂ ಅದೇ ಆಕಾರದ ಪಿನ್ನು ಹೋಗುತ್ತದೆ, ಆದರೆ ಲೆಕ್ಕ ಬೇರೆ: ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಉದ್ದ ತಂತಿಯಲ್ಲಿ ಸೇರುವ ಗದ್ದಲವನ್ನು ಅಳಿಸಲು ಮಾಡಿದ ಜಾಣ ಏರ್ಪಾಡು ಅದು. ಆದರೆ ಇಲ್ಲಿ ಎಡ, ಬಲ ಎರಡರಲ್ಲೂ ಸಮನಾಗಿರುವ ಸ್ವರವೇ ಕಳೆದುಹೋಗಿ, ಬಾವಿಯೊಳಗಿನಿಂದ ಬಂದಂಥ ಟೊಳ್ಳು ಗುಂಯ್‌ಗಾಟವಷ್ಟೇ ದಕ್ಕುತ್ತದೆ. ಆಮೇಲೆ ಗುಂಡಿ ಎಷ್ಟು ತಿರುವಿದರೂ ವ್ಯರ್ಥ. ಒಂದು ಸ್ಟೀರಿಯೋ ಪಿನ್ನನ್ನು ಎರಡು ಮೋನೋ ಪಿನ್ನಾಗಿ ಒಡೆಯುವ ಕವಲು ವಾಯರು ಬೇಕು. ಸೌಂಡ್ ಕಾರ್ಡಿನ ಮೇಲಿರುವ ಸಣ್ಣ ಸ್ವಿಚ್ಚು ಗಿಟಾರಿನ ಕಡೆಗಲ್ಲ, ಲೈನ್ ಕಡೆಗೆ ಇರಬೇಕು. ಮೈಕಿನ ತೂತಿಗಂತೂ ಹೋಗಲೇಬಾರದು. ಇಷ್ಟಾದ ಮೇಲೆ ಲೆವೆಲ್ಲಿನ ಮಾತು.

ಎರಡು ಗುಂಡಿ ಇವೆ: ಕೀಬೋರ್ಡಿನ ವಾಲ್ಯೂಮು, ಸೌಂಡ್ ಕಾರ್ಡಿನ ಗೇನು. ಮೊದಲನೆಯದನ್ನು ಸಣ್ಣ ಇಟ್ಟು ಎರಡನೆಯದನ್ನು ಏರಿಸಿದರೆ ಸ್ವರದ ಜೊತೆ ಕೀಬೋರ್ಡಿನ ಹೊಟ್ಟೆಯ ಸುಂಯ್ ಕೂಡ ದೊಡ್ಡದಾಗುತ್ತದೆ. ಮೊದಲನೆಯದನ್ನು ತುದಿಗೊಯ್ದರೆ ಅಗ್ಗದ ಪೆಟ್ಟಿಗೆ ತನ್ನೊಳಗೇ ಒಡೆಯುತ್ತದೆ. ಅದನ್ನು ಮುಂದೆ ಯಾರೂ ಸರಿಮಾಡಲಾರರು. ಕೀಬೋರ್ಡನ್ನು ಮುಕ್ಕಾಲರ ಮೇಲಿಟ್ಟು, ಅದರಲ್ಲಿರುವ ಅತಿ ಜೋರಿನ ಟೋನು ಹಚ್ಚಿ, ಎರಡೂ ಕೈ ಇಟ್ಟು ಒತ್ತಿಸಿ, ಆಮೇಲೆ ಗೇನು ತಿರುವುವುದು ನನ್ನ ಪದ್ಧತಿ. ಟೋನಿಂದ ಟೋನಿಗೆ ಅಜಗಜಾಂತರ. ಕೊಳಲಿನ ಟೋನಿಗೆ ಹೊಂದಿಸಿದ ಲೆವೆಲ್ಲು ಆರ್ಗನ್ ಬಂದಾಗ ಹಾರಿಹೋಗುತ್ತದೆ. ಅದರಲ್ಲೂ ಕಲಾವಿದರ ಜಾತಿಗೆ ಒಂದು ಸ್ವಭಾವವಿದೆ: ‘ಒಂದೀಟ ಬಾರಿಸ್ರಿ, ಲೆವೆಲ್ ನೋಡ್ತೀನಿ’ ಎಂದಾಗ ಸಂಕೋಚದಿಂದ ಬೆರಳು ಇಡುತ್ತಾರೆ, ‘ಹೂಂ, ಚಾಲೂ’ ಎಂದ ಕೂಡಲೇ ಕೊರವಂಜಿ ಮೈಮೇಲೆ ಬಂದವರಂತೆ ಏರುತ್ತಾರೆ. ಆ ಏರಿಕೆಗೆ ಜಾಗ ಇಟ್ಟಿರಬೇಕು. ಮಹಾಲಿಂಗಪುರದ ಪ್ಯಾಟಿಗೆ ಬೆಲ್ಲ ಕಳಿಸುವ ನಮ್ಮ ಗಾಣದವರು ಕೊಪ್ಪರಿಗೆಗೆ ಕಬ್ಬಿನ ಹಾಲನ್ನು ಕಂಠಮಟ ತುಂಬುವುದಿಲ್ಲ. ಕುದಿ ಬಂದಾಗ ಅದು ಎಲ್ಲಿಗೆ ಉಕ್ಕುತ್ತದೆಂದು ಅವರಿಗೆ ಗೊತ್ತು.

ಡಿಜಿಟಲ್ ಮೀಟರಿನಲ್ಲಿ ಸೊನ್ನೆಯೇ ಅಂಚು, ಅದರ ಮೇಲೆ ಏನೂ ಇಲ್ಲ. ಸೊನ್ನೆ ಮೀರಿದ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಚರಚರ ಎನ್ನುತ್ತದೆ. ಅದಕ್ಕೇ ಸಾಮಾನ್ಯ ನುಡಿಸಾಣಿಕೆ ಮೈನಸ್ 18 ಡೆಸಿಬೆಲ್ಲಿನ ಆಸುಪಾಸು, ಅತಿ ಜೋರಿನ ಕ್ಷಣ ಮೈನಸ್ 10 ಅಥವಾ 12. ಹಸಿರು ದೀಪ ಆಡುತ್ತಿರಬೇಕು, ಕಿತ್ತಳೆ ಅಪರೂಪಕ್ಕೆ, ಕೆಂಪು ಬೇಡವೇ ಬೇಡ. ಕ್ಯಾಸೆಟ್ಟಿನ ಕಾಲದವರಿಗೆ ಇದು ಹಿಡಿಸುವುದಿಲ್ಲ. ಟೇಪಿಗೆ ತನ್ನದೇ ಹಿಸ್ ಇತ್ತು, ಅದನ್ನು ಮುಚ್ಚಲು ಮುಳ್ಳನ್ನು ಕೆಂಪಿನತ್ತ ಒಯ್ಯಲೇಬೇಕಿತ್ತು. ಟೇಪು ಒಂದಿಷ್ಟು ಹೆಚ್ಚಾದರೆ ಮೆತ್ತಗೆ ತಡೆದುಕೊಳ್ಳುತ್ತಿತ್ತು ಕೂಡ. ಆ ಮುಳ್ಳಿನ ವಿಯು ಮೀಟರನ್ನು ಅಮೆರಿಕದ ರೇಡಿಯೋದವರೂ ಬೆಲ್ ಪ್ರಯೋಗಾಲಯದವರೂ ಸೇರಿ 1939ರಲ್ಲಿ ಗೊತ್ತುಮಾಡಿದ್ದು. ಡೆಸಿಬೆಲ್ಲಂತೂ ಟೆಲಿಫೋನಿನ ತಂತಿಯಲ್ಲಿ ದನಿ ಎಷ್ಟು ಸವೆಯಿತೆಂದು ಅಳೆಯಲು ಹುಟ್ಟಿದ ಲೆಕ್ಕ. ಈಗ ಪ್ರತಿ ಅಳತೆಯನ್ನು ಬರೆದಿಡುವ 24 ಬಿಟ್ಟಿನಲ್ಲಿ ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್. 18 ಬಿಟ್ಟುಕೊಟ್ಟರೆ ಹೋದದ್ದು ಮೂರು ಬಿಟ್ಟು. ಉಳಿದ ಇಪ್ಪತ್ತೊಂದು ನಮ್ಮ ಕ್ಯಾಸಿಯೋದ ಸುಂಯ್‌ಗಿಂತ ಎಷ್ಟೋ ಕೆಳಗಿನವರೆಗೆ ಹೋಗುತ್ತವೆ.

ಇಷ್ಟು ಶಾಸ್ತ್ರ ಯಾವ ಊರಿಗೂ ಒಂದೇ. ರಬಕವಿ-ಬನಹಟ್ಟಿಯಲ್ಲಿ ಅದರ ಮೇಲೊಂದು ಮಗ್ಗ ಕೂತಿದೆ. ಗೋಡೆಯ ಆಚೆ ಖಟಾಖಟ್, ಓಣಿಯ ಆಚೆ ಖಟಾಖಟ್. ಪಾವರ್‌ಲೂಮ್ ಶೆಡ್ಡಿನ ಸದ್ದು 90 ಡೆಸಿಬೆಲ್ ದಾಟುತ್ತದೆ. ಅಲ್ಲಿ ದುಡಿಯುವವರು ಅರ್ಧ ಮಾತು ಕೈಸನ್ನೆಯಲ್ಲೇ ಮುಗಿಸುತ್ತಾರೆ. ವಾಯರಿನಿಂದ ನೇರ ಹಿಡಿಯುವ ದನಿಯೊಳಗೆ ಮಗ್ಗ ಬರಲಾರದು, ಅದು ಈ ಪದ್ಧತಿಯ ದೊಡ್ಡ ಪುಣ್ಯ. ಆದರೆ ನನ್ನ ಕಿವಿಯೊಳಗೆ ಬರುತ್ತದೆ. ಹೆಡ್‌ಫೋನ್ ಹಾಕಿದರೂ ಮಗ್ಗದ ಮೇಲೆ ಕೇಳಿಸಬೇಕೆಂದು ಕೈ ಗುಂಡಿಯತ್ತ ಹೋಗುತ್ತದೆ. ಹೀಗಾಗಿ ಬನಹಟ್ಟಿಯಲ್ಲಿ ಲೆವೆಲ್ಲನ್ನು ಕಿವಿಯಿಂದಲ್ಲ, ಕಣ್ಣಿಂದ ಇಡಬೇಕು. ಮೀಟರಿಗೆ ಕಿವಿ ಇಲ್ಲದಿರುವುದು ಇಲ್ಲಿ ಅದರ ಗುಣ.

ಕಾಕಾನ ಕಿವಿಯದು ಇನ್ನೊಂದು ಕತೆ. ವರ್ಷಾನುಗಟ್ಟಲೆ ಇಂಥ ಸದ್ದಿನಲ್ಲಿ ನಿಂತವರಿಗೆ ಮೊದಲು ಮಂದವಾಗುವುದು 4,000 ಹರ್ಟ್ಜ್ ಆಸುಪಾಸಿನ ಚೂಪು ದನಿಗಳು. ತಾಳದ ಕಿಣಿ, ತಬಲಾದ ಕಿನಾರಿನ ‘ನಾ’, ಹೆಂಗಸರ ಹಾಡಿನ ‘ಸ’ಕಾರ. ರೆಕಾರ್ಡಿಂಗ್ ಕೇಳಿಸಿದಾಗ ಕಾಕಾನ ದೂರು ಯಾವಾಗಲೂ ಒಂದೇ.

‘ಏನಪಾ, ಭಾಳ ಸಣ್ಣ ಹಿಡದೀಯಲ್ಲ. ಜೀವಾನೇ ಇಲ್ಲ ನೋಡ್ ಇದರಾಗ.’

‘ಕಾಕಾ, ಆಮ್ಯಾಲ ಏರಸಾಕ ಬರತೈತ್ರಿ. ಈಗ ಒಡದರ ಮತ್ತ ಕೂಡೂದಿಲ್ಲ.’

‘ಆಮ್ಯಾಲ ಏರಸಾವ್ರು ಯಾರು? ಈಗ ಬಾರಸಾವ ನಾನು.’

ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಪೇಟಿಯ ಮುಂದೆ ಕೂತಾಗ ಏರಿಸುವವರೂ ಇಳಿಸುವವರೂ ಅವರೇ ಆಗಿದ್ದರು. ಆ ಪೇಟಿಯೂ ಒಂದು ಕಾಲಕ್ಕೆ ಅಪಮಾನ ಉಂಡದ್ದೇ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಬಗ್ಗದ, ಗಟ್ಟಿ ಸ್ವರದ ಪರದೇಶಿ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಬಾಗಿಲು ಮತ್ತೆ ತುಸು ತೆರೆದದ್ದು 1971ರಲ್ಲಿ. 1950ರಲ್ಲಿ ಧಾರವಾಡ ನಿಲಯ ಶುರುವಾದಾಗ ಪೇಟಿ ಬಹಿಷ್ಕೃತವಾಗಿಯೇ ಇತ್ತು. ಅದೇ ಹೊತ್ತಿನಲ್ಲಿ ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆಯವರು ದೊಡ್ಡ ದೊಡ್ಡ ಗವಾಯಿಗಳ ಬಗಲಿಗೆ ಕೂತು, ಪೇಟಿಯಿಂದ ಎಷ್ಟು ಮೆತ್ತಗಿನ ಮಾತಾಡಿಸಬಹುದೆಂದು ತೋರಿಸುತ್ತಿದ್ದರು. ಗಟ್ಟಿತನ ವಾದ್ಯದ್ದೋ ಕೈಯದ್ದೋ ಎಂಬ ವಾದದಲ್ಲಿ ನಾನು ಕೈಯ ಪಕ್ಷ.

ಒಂದು ದಿನ ಮಧ್ಯಾಹ್ನ ರೆಕಾರ್ಡಿಂಗಿನ ನಡುವೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು, ಸೌಂಡ್ ಕಾರ್ಡು ಅದರ ಹಾಲನ್ನೇ ಕುಡಿಯುವಂಥದ್ದು, ಕಾಕಾನ ಕ್ಯಾಸಿಯೋ ಆರು ಸೆಲ್ಲಿನ ಮೇಲೂ ನಡೆಯುತ್ತದೆ. ಆಗೊಂದು ಬೋನಸ್ಸೂ ಸಿಕ್ಕಿತು: ಅದುವರೆಗೆ ಸಣ್ಣಗೆ ಹಿನ್ನೆಲೆಯಲ್ಲಿದ್ದ ಹಮ್ ಕೂಡ ಮಾಯ. ಲ್ಯಾಪ್‌ಟಾಪು, ಕೀಬೋರ್ಡು ಎರಡೂ ಗೋಡೆಯ ಪ್ಲಗ್ಗಿಗೆ ಹತ್ತಿದ್ದರೆ ಅರ್ಥಿಂಗಿನ ಸುತ್ತು ಕಟ್ಟಿಕೊಂಡು ಮನೆಯ 50 ಹರ್ಟ್ಜಿನ ಗುಂಯ್ ಒಳಗೆ ನುಸುಳುತ್ತದೆ. ಎರಡೂ ಬ್ಯಾಟರಿಯ ಮೇಲೆ ಬಂದಾಗ ಅದಕ್ಕೆ ಸುತ್ತಲು ದಾರಿಯೇ ಇಲ್ಲ.

ಸದ್ದು ಇಳಿದ ಆ ಮನೆಯಲ್ಲಿ ಕಾಕಾ ತಾವಾಗಿಯೇ ಮೆತ್ತಗೆ ನುಡಿಸತೊಡಗಿದರು. ಸತ್ಯಭಾಮೆಯ ಪದ. ಎಡಗೈ ಬೆರಳು ವಾಲ್ಯೂಮಿನ ಗುಂಡಿಯ ಮೇಲೆ ಕೂತು, ಸಾಲು ಏರಿದಾಗ ಕೂದಲೆಳೆಯಷ್ಟು ಹಿಂದೆ, ಇಳಿದಾಗ ಮುಂದೆ ಸರಿಯುತ್ತಿತ್ತು. ಶಾಸ್ತ್ರದ ಪ್ರಕಾರ ರೆಕಾರ್ಡಿಂಗ್ ನಡೆದಾಗ ಆ ಗುಂಡಿ ಮುಟ್ಟಬಾರದು. ನಾನು ಸುಮ್ಮನಿದ್ದೆ. ಮೀಟರು ಮೈನಸ್ 12ರ ಮೇಲೆ ಏರಲಿಲ್ಲ.

ಆ ಪದವನ್ನು ಅತ್ತಿಗೆಗೆ ಕಳಿಸುವ ಮುಂಚೆ ಕಾಕಾನ ಮೊಬೈಲಿಗೆ ಬೇರೆ ಪ್ರತಿ ಮಾಡಿಕೊಟ್ಟೆ. ಚೂಪು ದನಿ ಸ್ವಲ್ಪ ಎತ್ತಿ, ಒಟ್ಟು ಜೋರನ್ನೂ ಅಂಚಿನ ತನಕ ಏರಿಸಿದ್ದು. ಕೇಳಿ ತಲೆದೂಗಿದರು. ‘ಈಗ ಬಂತ್ ನೋಡ್ ಜೀವಾ’ ಎಂದರು. ಆಮೇಲೆ ಹೆಸ್ಕಾಂನಲ್ಲಿ ಲೈನ್‌ಮನ್ ಆಗಿರುವ ಗೆಳೆಯನಿಗೆ ಫೋನು ಹಚ್ಚಿ, ಬರುವ ವಾರ ಯಾವತ್ತು ಎಷ್ಟು ಹೊತ್ತಿಗೆ ಲೈನ್ ತೆಗೆಯುತ್ತೀರಿ ಎಂದು ಕೇಳತೊಡಗಿದರು. ಇನ್ನೂ ರುಕ್ಮಿಣಿಯ ಪದಗಳು ಬಾಕಿ ಇದ್ದವು.