ಖಾಲಿ ಕುರ್ಚಿಯ ಭಾರ

2023ರ ಆಗಸ್ಟ್ 17ರಂದು ನಮ್ಮ ನಾಗಪುರದ ವಿಮಾನ ನಿಲ್ದಾಣದಲ್ಲಿ, ಪುಣೆಯ ವಿಮಾನ ನಡೆಸಬೇಕಿದ್ದ ಪೈಲಟ್ ಒಬ್ಬರು ದ್ವಾರದ ಬಳಿ ಕುಸಿದು ಮೃತಪಟ್ಟರು. ಅದಕ್ಕೆ ದುಡಿಮೆಯೇ ಕಾರಣವೆನ್ನಲು ಆಧಾರವಿಲ್ಲ. ಅದಕ್ಕೆ ಮುನ್ನ ಅವರಿಗೆ 27 ಗಂಟೆಗಳ ಬಿಡುವು ದೊರೆತಿತ್ತೆಂದು ವರದಿಯಾಗಿತ್ತು. ಆದರೂ ಪೈಲಟ್‌ಗಳ ದಣಿವು ಚರ್ಚೆಗೆ ಬಂತು.

2024ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಅವರ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿತು. ಹೊಸ ನಿಯಮಗಳ ಎರಡನೆಯ ಹಂತ ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ಮರುತಿಂಗಳೇ ಪೈಲಟ್‌ಗಳು ಸಾಲದೆ ಸಾವಿರಾರು ಹಾರಾಟಗಳು ರದ್ದಾದವು. ಕೆಲವು ನಿಯಮಗಳನ್ನು ಸಡಿಲಿಸಬೇಕಾಯಿತು. ವಿಶ್ರಾಂತಿಯನ್ನು ಕಾಗದದ ಮೇಲೆ ಬರೆಯುವುದು ಸುಲಭ. ಆ ಹೊತ್ತಿಗೆ ಇನ್ನೊಬ್ಬರನ್ನು ನೇಮಿಸುವುದು ಕಷ್ಟ.

ಕೇಂದ್ರ ಸರ್ಕಾರದ ನೌಕರನಾದ ನನಗೆ ಇದು ಪರಿಚಿತ ಸಂಗತಿ. ನಿವೃತ್ತರಾದವರ ಕುರ್ಚಿ ಖಾಲಿಯೇ ಉಳಿಯುತ್ತದೆ. ಅವರ ಕಡತಗಳು ಪಕ್ಕದ ಮೇಜಿಗೆ ಬರುತ್ತವೆ. ಕಳೆದ ಮಾರ್ಚ್‌ನಲ್ಲಿ ಮೂವರ ಕೆಲಸ ಹೊತ್ತಿದ್ದ ಸಹೋದ್ಯೋಗಿಯೊಬ್ಬರು ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೊಯ್ಯುತ್ತಿದ್ದರು. ಅದೇ ವಾರ ಒತ್ತಡ ನಿವಾರಣೆಯ ಉಪನ್ಯಾಸದ ಸುತ್ತೋಲೆ ಬಂತು. ಅದನ್ನು ಎಲ್ಲರಿಗೂ ತಲುಪಿಸುವ ಹೊಣೆಯೂ ಅವರ ಮೇಲೆಯೇ ಬಿತ್ತು.

ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿದುದರಿಂದ ಬಂದ ಪಾರ್ಶ್ವವಾಯು, ಹೃದ್ರೋಗಗಳಿಂದ 2016ರಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಅಂದಾಜಿಸಿವೆ. ಜಪಾನ್ 2014ರಲ್ಲಿ ಕಾನೂನು ಮಾಡಿ, ಇಂಥ ಸಾವುಗಳನ್ನೂ ಆತ್ಮಹತ್ಯೆಗಳನ್ನೂ ತಡೆಯುವುದು ಸರ್ಕಾರದ ಹೊಣೆಯೆಂದು ಒಪ್ಪಿಕೊಂಡಿತು. ನಾವಿನ್ನೂ ಅದನ್ನು ದುಡಿಯುವವರ ಮನೋಬಲಕ್ಕೆ ಬಿಟ್ಟಿದ್ದೇವೆ.

ಆ ಉಪನ್ಯಾಸದಲ್ಲಿ ನಮಗೆ ದೀರ್ಘವಾಗಿ ಉಸಿರಾಡುವುದನ್ನು ಕಲಿಸಿದರು. ನಮ್ಮ ವಿಭಾಗಕ್ಕೆ ಬೇಕಾಗಿದ್ದುದು ಇಬ್ಬರು ಗುಮಾಸ್ತರು.